ಬೆಲ್ಟ್ ಕಳಚಿದಾಗ ಕರೆಯಬಾರದು

ಅವತ್ತು ಸೆರ್ವಾ ತನ್ನ ಅಂಗಡಿಯ ಪಾತ್ರೆ ತೊಳೆದು ಮನೆಗೆ ಹೊರಟಾಗ ರಾತ್ರಿ ಹತ್ತೂವರೆ. ತಲೆಯ ಮೇಲೆ ದೊಡ್ಡ ಪಾತ್ರೆ, ಅದರೊಳಗೆ ಸೌಟು. ಹೆಜ್ಜೆಗೊಂದು ಸಲ ಸೌಟು ಪಾತ್ರೆಗೆ ತಾಗುತ್ತಿತ್ತು. ಟಿಣ್... ಟಿಣ್... ಟಿಣ್...

ಕುಮಾಸಿಯ ಸ್ವಾಮೆ ಮ್ಯಾಗಜೀನ್ ಅಂದರೆ ಕಾರು ರಿಪೇರಿ ಮಾಡುವ ಫಿಟ್ಟರ್‌ಗಳ ಪೇಟೆ. ಅಲ್ಲಿ ಸೆರ್ವಾಳದು ಫುಫು ಅಂಗಡಿ, ಬೇಯಿಸಿದ ಗೆಡ್ಡೆ ಕುಟ್ಟಿ ಮಾಡುವ ಮುದ್ದೆಯದು. ಹಗಲಲ್ಲಿ ಸುತ್ತಿಗೆ, ವೆಲ್ಡಿಂಗು, ಹಾರ್ನು... ಎದುರಿಗೆ ನಿಂತವನ ಮಾತೂ ಕೇಳಿಸುವುದಿಲ್ಲ. ಕತ್ತಲಾದರೆ ಆ ಜಾಗದಷ್ಟು ಮೌನ ಬೇರೆಲ್ಲೂ ಇಲ್ಲ. ಬಾನೆಟ್ ತೆರೆದ ಕಾರುಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ. ಅವನ್ನು ದಾಟಿದರೆ ಹಳೇ ಬಾವಿ, ಬಾವಿಯ ಪಕ್ಕ ಬೂರುಗದ ಮರ. ರಾತ್ರಿ ಆ ಮರದ ಕೆಳಗೆ ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ. ನಿಲ್ಲಬಾರದು ಅಂತ ಯಾರೂ ಹೇಳಿಲ್ಲ. ಆದರೂ ನಿಲ್ಲುವುದಿಲ್ಲ.

ಬಾವಿಯೊಳಗೆ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್...

"ಅತ್ತಿಗೇ..."

ಸೆರ್ವಾ ನಿಂತಳು. ಸೌಟಿನ ಸದ್ದೂ ನಿಂತಿತು.

"ಯಾರದು? ಮನುಷ್ಯ ಆಗಿದ್ರೆ ಈಚೆ ಬಾ. ದೆವ್ವ ಆಗಿದ್ರೆ ನಾಳೆ ಬಾ, ನಂಗೆ ಸೊಂಟ ನೋಯ್ತಿದೆ."

"ನಾನು... ಒಬೆಂಗ್. ಮೆಲ್ಲಗೆ ಮಾತಾಡಿ."

ಒಬೆಂಗ್ ಅವಳ ಗಂಡ ಟಾಚಿಯ ಜೊತೆ ಒಂದೇ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ ಫಿಟ್ಟರ್. ಆಳು ಆರಡಿ, ಧೈರ್ಯ ಮಾತ್ರ ಗೇಣುದ್ದ. ಅಂಥವನು ಆ ಹೊತ್ತಿನಲ್ಲಿ ಆ ಮರದ ಕೆಳಗೆ ಒಬ್ಬನೇ ಕಾಯುತ್ತಿದ್ದಾನೆ ಅಂದರೆ ಸುಮ್ಮನೆ ಅಲ್ಲ ಅಂತ ಸೆರ್ವಾಗೆ ಆಗಲೇ ಗೊತ್ತಾಯಿತು.

ಅವನು ಕರಿ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿದ. ಸರ್... ಸರ್... ಒಂದು ಟೈಮಿಂಗ್ ಬೆಲ್ಟ್ ತೆಗೆದ. ಮೊಬೈಲಿನ ಬೆಳಕನ್ನು ಅದರ ಬೆನ್ನಿಗೆ ಹಿಡಿದ.

"ಇದನ್ನ ನೋಡಿ... ಕೂಗಬೇಡಿ."

ಬೆಲ್ಟಿನ ಬೆನ್ನ ಮೇಲೆ ಮೂರು ಗೆರೆ. ಮೇಲೆ ಎರಡು, ನೇರ. ಕೆಳಗೆ ಒಂದು, ಓರೆ. ನೇಲ್ ಪಾಲಿಶ್‌ನಲ್ಲಿ ಎಳೆದದ್ದು.

ಸೆರ್ವಾ ಕೂಗಲಿಲ್ಲ. ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಕಾರಿನ ಹೊಟ್ಟೆ ನೋಡದವರಿಗೆ ಒಂದು ಮಾತು ಹೇಳಬೇಕು. ಎಂಜಿನ್ನಿನ ಮೇಲಿನ ಪುಲ್ಲಿಗೂ ಕೆಳಗಿನ ಪುಲ್ಲಿಗೂ ತಾಳ ತಪ್ಪದ ಹಾಗೆ ಕಟ್ಟಿ ಹಿಡಿಯುವುದು ಈ ಹಲ್ಲಿನ ಪಟ್ಟಿ. ಒಂದು ಹಲ್ಲು ಆಚೀಚೆ ಆದರೂ ತಾಳ ಕೆಡುತ್ತದೆ. ಇನ್ನೂ ನಾಲ್ಕು ಹಲ್ಲು ಜಾರಿದರೆ ಒಳಗಿರುವುದೆಲ್ಲ ಒಂದಕ್ಕೊಂದು ಬಡಿದುಕೊಂಡು ಎಂಜಿನ್ ಸಾಯುತ್ತದೆ. ಹಾಗಾಗಿ ಹಳೇ ಬೆಲ್ಟ್ ಬಿಚ್ಚುವ ಮೊದಲು ಫಿಟ್ಟರ್ ಗುರುತು ಹಾಕಿಕೊಳ್ಳುತ್ತಾನೆ, ಅದೇ ಗುರುತನ್ನು ಹೊಸದಕ್ಕೂ ಎಳೆಯುತ್ತಾನೆ. ಎಲ್ಲರೂ ಬಿಳಿ ಪೇಂಟ್ ಬಳಸುತ್ತಾರೆ. ಟಾಚಿ ಒಬ್ಬ ಮಾತ್ರ ಹೆಂಡತಿಯ ನೇಲ್ ಪಾಲಿಶ್ ಬಳಸುತ್ತಿದ್ದ. ಕಡುಗೆಂಪು, ಹೆಚ್ಚುಕಮ್ಮಿ ಕಪ್ಪೇ. ತಲೆ ಎತ್ತದೆ ಕೈ ಹಿಂದಕ್ಕೆ ಚಾಚುತ್ತಿದ್ದ. ಫುಫು ಕುಟ್ಟುವುದು ಬಿಟ್ಟು ಬಂದು ಸೆರ್ವಾ ಅವನ ಅಂಗೈಯಲ್ಲಿ ಶೀಶೆ ಇಡುತ್ತಿದ್ದಳು. ಇಡೀ ಮ್ಯಾಗಜೀನ್ ಅದನ್ನು ನೋಡಿ ನಗುತ್ತಿತ್ತು. ಅವರಿಬ್ಬರೂ ನಗುತ್ತಿದ್ದರು.

ಆ ಮನೆಯಲ್ಲಿ ಒಂದು ಕಟ್ಟಳೆಯೂ ಇತ್ತು. ಬೆಲ್ಟ್ ಕಳಚಿದ್ದಾಗ ಟಾಚಿಯನ್ನು ಹೆಸರು ಹಿಡಿದು ಕರೆಯಬಾರದು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು "ಟಾಚೀ, ಫೋನು!" ಅಂದಿದ್ದಳು. ಅವನು ತಿರುಗಿದ. ಹಲ್ಲು ಜಾರಿತು. ಆ ಎಂಜಿನ್ ಬಿಚ್ಚಿ ಮತ್ತೆ ಕಟ್ಟಲು ಹನ್ನೊಂದು ದಿನ ಹಿಡಿಯಿತು. ಅಲ್ಲಿಂದಾಚೆಗೆ ಬೆಲ್ಟ್ ಬಿಗಿಯಾಗುವ ತನಕ ಅವನ ಹೆಸರು ಅವಳ ಬಾಯಿಂದ ಬಂದಿಲ್ಲ. ಅವಳ ಅಮ್ಮ ತೀರಿಕೊಂಡ ಸುದ್ದಿ ಬಂದಾಗಲೂ ಶೆಡ್ಡಿನ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಾಯಿ ಬಿಡಲಿಲ್ಲ. ಅಂಥ ಹೆಂಗಸು.

ಆ ಟಾಚಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ರಾತ್ರಿ ವ್ಯಾನು, ಮರದ ದಿಮ್ಮಿ ಹೊತ್ತ ಲಾರಿ... ಅದನ್ನು ವಿವರಿಸುವುದು ಬೇಡ. ಹೆಣಕ್ಕೆ ಸ್ನಾನ ಮಾಡಿಸುವಾಗ ಅವಳೇ ನೀರು ಹಾಕಿದ್ದಳು. ಕಂದು ಸೂಟು ತೊಡಿಸಿದ್ದಳು. ಪೆಟ್ಟಿಗೆಯೊಳಗೆ ಕರವಸ್ತ್ರ, ಹದಿನಾಲ್ಕರ ಪಾನಾ, ಅರ್ಧ ಉಳಿದಿದ್ದ ನೇಲ್ ಪಾಲಿಶ್ ಶೀಶೆ ಇಟ್ಟು ಕಳಿಸಿದ್ದಳು. ಒಂದು ವರ್ಷ ಕಪ್ಪು ಉಟ್ಟಳು. ವರ್ಷ ತುಂಬಿದ ದಿನ ಶೋಕ ಕಳೆದು ಬಿಳಿ ಉಟ್ಟಳು. ಆಮೇಲೂ ಉಗುರಿಗೆ ಬಣ್ಣ ಹಚ್ಚಲಿಲ್ಲ.

"ಎಲ್ಲಿತ್ತು ಇದು?" ಅಂದಳು.

"ಬಡಗಣ ಕಡೆಯಿಂದ ಬಂದ ಕಾರು. ನೀರಿನ ಪಂಪ್ ಸೋರ್ತಿತ್ತು ಅಂತ ಬಿಚ್ಚಿದೆ. ಬೆಲ್ಟ್ ಹಾಕ್ಸಿ ಎರಡೇ ತಿಂಗಳು ಅಂದ ಡ್ರೈವರ್. ಬೋಲೆ ದಾರೀಲಿ, ಜಂಕ್ಷನ್ ದಾಟಿ ಬೇವಿನ ಮರದ ಕೆಳಗೆ ಒಬ್ಬ ಫಿಟ್ಟರ್ ಮಾಸ್ತರ್ ಇದಾನಂತೆ. ಎತ್ತರಕ್ಕಿದಾನಂತೆ. ಮಾತು ಕಮ್ಮಿಯಂತೆ."

ಸೆರ್ವಾ ಬೆಲ್ಟನ್ನು ಬೆಳಕಿನ ಹತ್ತಿರ ತಂದಳು. ಉಗುರಿನಿಂದ ಗೆರೆಯನ್ನು ಕೆರೆದಳು. ಕರ್... ಕರ್...

"ಈ ಬಣ್ಣ ನಂದಲ್ಲ."

ಒಬೆಂಗ್ ತಲೆ ತಗ್ಗಿಸಿದ.

"ಗುಲಾಬಿ ಬಣ್ಣ ಇದು. ಒಬೆಂಗ್, ಇದು ಬೇರೆಯವಳದ್ದು!"

"ಅದಕ್ಕೇ ತಂದೆ ಅತ್ತಿಗೆ. ಇದು ಮೂರನೇದು. ಮೊದಲಿನ ಎರಡು ಬೆಲ್ಟ್ ಬಂದಾಗ ನಿಮಗೆ ಹೇಳ್ಲಿಲ್ಲ. ಅವು ನಿಮ್ಮ ಬಣ್ಣದಲ್ಲೇ ಇದ್ವು. ಎಲ್ಲೋ ಒಂದ್ಕಡೆ ಕೆಲಸ ಮಾಡ್ಕೊಂಡಿರ್ಲಿ ಬಿಡು ಅಂದ್ಕೊಂಡೆ. ಬಣ್ಣ ಬದಲಾದ್ದು ನೋಡಿ... ಹೊಟ್ಟೆ ಉರೀತು."

"ಎರಡು ಬೆಲ್ಟ್ ಮುಚ್ಚಿಟ್ಯಾ?"

"ಹ್ಞೂಂ."

"ನೀನೂ ಅವನ ಜೊತೆಯವನೇ." ಅವಳು ಬೇರೇನೂ ಬೈಯಲಿಲ್ಲ. ಬೈದಿದ್ದರೇ ಒಬೆಂಗ್‌ಗೆ ಸಮಾಧಾನ ಆಗುತ್ತಿತ್ತೇನೋ.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊತ್ತಿಗೆ ಮುಂಚೆ ಸತ್ತವರು ಎಲ್ಲರೂ ಹಿರಿಯರು ಇರುವ ಜಾಗಕ್ಕೆ ಹೋಗುವುದಿಲ್ಲ. ಕೆಲವರು ಯಾರೂ ಗುರುತು ಹಿಡಿಯದಷ್ಟು ದೂರದ ಊರಿಗೆ ನಡೆದು ಹೋಗುತ್ತಾರೆ. ಅಲ್ಲಿ ದುಡಿಯುತ್ತಾರೆ, ಉಣ್ಣುತ್ತಾರೆ, ಮದುವೆಯನ್ನೂ ಆಗುತ್ತಾರೆ. ಮನೆಯ ಕಡೆಯವರು ಯಾರಾದರೂ ಕಂಡು ಹೆಸರು ಹಿಡಿದು ಕರೆದರೆ ಮಾತ್ರ ಅವರು ಅಲ್ಲಿಂದ ಎದ್ದು ಹೋಗಬೇಕಾದ ಕಡೆಗೆ ಹೋಗಲೇಬೇಕು.

ಸೆರ್ವಾ ಪಾತ್ರೆ ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ನಾಳೆ ಬೆಳಗ್ಗೆ ನಿನ್ನ ಕಾರು ತೆಗಿ."

"ನನ್ನ ಕಾರಾ? ಅದಕ್ಕೆ ಹದಿನೆಂಟು ವರ್ಷ ಆಯ್ತು ಅತ್ತಿಗೆ. ಅದರ ಟೈಮಿಂಗ್ ಬೆಲ್ಟೇ ಬಿರುಕು ಬಿಟ್ಟಿದೆ. ಅಷ್ಟು ದೂರ..."

"ಒಳ್ಳೇದೇ ಆಯ್ತು. ಹೊಸ ಬೆಲ್ಟ್ ತಗೋ. ಅಲ್ಲೇ ಹಾಕ್ಸೋಣ."

*

ಟೆಚಿಮಾನ್ ದಾಟಿದರು, ಕಿಂತಾಂಪೊ ದಾಟಿದರು. ಪುಟ್ಟ ಹಸಿರು ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಮುಂದಿನಿಂದ ಚಿರ್ ಚಿರ್ ಅಂತ ಒಂದು ಸದ್ದು. ಒಬೆಂಗ್ ಅದನ್ನು ಕೇಳಿದಾಗಲೆಲ್ಲ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುತ್ತಿದ್ದ.

ಬಾಂಬೊಯಿ ಸೇತುವೆಯ ಮೇಲೆ ಅವನು ಬಾಯಿ ಬಿಟ್ಟ.

"ಅತ್ತಿಗೆ, ಒಂದು ಮಾತು. ನಮ್ಮಜ್ಜಿ ಹೇಳ್ತಿದ್ಲು. ಕಂಡ ತಕ್ಷಣ ಕರೀಬೇಕು. ಮಾತಿಗೆ ನಿಂತ್ಕೋಬಾರ್ದು. ಅವನೇ ಮೊದಲು ಗುರುತು ಹಿಡಿದು ನಿಮ್ಮ ಹೆಸರು ಹೇಳ್ಬಿಟ್ರೆ... ಮುಗೀತು. ಆಮೇಲೆ ನೀವು ಎಷ್ಟು ಕರೆದ್ರೂ ಆ ಹೆಸರು ಅವನದಲ್ಲ, ಅವನಿಗೂ ನಿಮಗೂ ಸಂಬಂಧ ಇಲ್ಲ."

"ಹ್ಞೂಂ."

"ಕರೆದು ಏನು ಮಾಡ್ತೀರಿ? ಹೋಗ್ಲಿ ಬಿಡಿ ಅಂತ..."

"ಏನು ಹೋಗ್ಲಿ ಬಿಡೋದು?" ಸೆರ್ವಾ ಕಿಟಕಿಯ ಹೊರಗೇ ನೋಡುತ್ತಿದ್ದಳು. "ಒಂದು ದಿನ ನಾನೂ ಸಾಯ್ತೀನಿ. ನಮ್ಮಮ್ಮ ಇರೋ ಜಾಗಕ್ಕೆ ಹೋಗ್ತೀನಿ. ಅಲ್ಲಿ ಅವನು ಕಾಯ್ತಾ ಕೂತಿರ್ತಾನೆ ಅಂತ ಅಂದ್ಕೊಂಡಿದ್ದೆ. ಆ ಒಂದು ನಂಬಿಕೇಲಿ ಬೆಳಗ್ಗೆ ಎದ್ದು ಒಲೆ ಹಚ್ತಿದ್ದೆ. ಅವನು ಇಲ್ಲಿ ಇನ್ನೊಬ್ಬಳ ಒಲೆ ಮುಂದೆ ಕೂತಿದ್ರೆ ನಾನು ಅಲ್ಲಿ ಹೋಗಿ ಯಾರ ಮುಖ ನೋಡ್ಲಿ? ನಾನು ಕರೀತೀನಿ. ಅವನು ಓಗೊಡ್ಬೇಕು. ಅಷ್ಟೇ."

ಜಂಕ್ಷನ್ ಬಂದಾಗ ಒಬೆಂಗ್ ಬ್ರೇಕ್ ಹಾಕಿ, ಚಹಾದಂಗಡಿ ತೋರಿಸಿ, ತನಗೆ ಹೊಟ್ಟೆ ಸರಿ ಇಲ್ಲ ಅಂದ. ಅವನ ಹೊಟ್ಟೆ ಯಾವಾಗ ಕೆಡುತ್ತದೆ ಅಂತ ಸೆರ್ವಾಗೆ ಗೊತ್ತು. ಅವಳೇ ಸ್ಟೀರಿಂಗ್ ಹಿಡಿದಳು. ಅವಳಿಗೆ ಕಾರು ಕಲಿಸಿದವನು ಟಾಚಿಯೇ. ಆ ಕಡೆಯ ಹೆಂಗಸರ ಹಾಗೆ ತಲೆ, ಮುಖ ಮುಚ್ಚುವಂತೆ ಬಟ್ಟೆ ಸುತ್ತಿಕೊಂಡು ಒಬ್ಬಳೇ ಹೋದಳು.

ಬೇವಿನ ಮರ ದೊಡ್ಡದಿತ್ತು. ಅದರ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮಣ್ಣು, ಕೊಂಬೆಗೆ ಕಟ್ಟಿದ, ಎಂಜಿನ್ ಎತ್ತುವ ಒಂದು ಚೈನ್ ಬ್ಲಾಕ್, ಒಂದು ಬೆಂಚು. ಹಿಂದೆ ಮಣ್ಣಿನ ಮನೆ. ಗಂಡಸು ಯಾರೂ ಇರಲಿಲ್ಲ. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸೊಬ್ಬಳು ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಇಪ್ಪತ್ತೈದು ಇರಬೇಕು. ಮುಖದ ತುಂಬ ನಗು.

"ಬಾ ಅಕ್ಕ, ಬಾ. ಏನಾಗಿದೆ ಕಾರಿಗೆ?"

"ಟೈಮಿಂಗ್ ಬೆಲ್ಟ್. ಹೊಸದು ತಂದಿದೀನಿ. ಮಾಸ್ತರ್ ಎಲ್ಲಿ?"

"ಇಲ್ಲೇ ಹಿಂದ್ಗಡೆ ಇದ್ರು, ಬರ್ತಾರೆ. ಕೀ, ಬೆಲ್ಟ್ ಎರಡೂ ಬಾನೆಟ್ ಮೇಲಿಡು. ಮೊದಲು ಒಳಗೆ ಬಂದು ನೀರು ಕುಡಿ. ಎಷ್ಟು ದೂರದಿಂದ ಬಂದ್ಯೋ ಏನೋ, ತುಟಿ ಒಣಗಿದೆ."

ಅವಳ ಹೆಸರು ಮೆಮುನಾ. ಸೆರ್ವಾ ಅವಳನ್ನು ದ್ವೇಷಿಸಬೇಕು ಅಂತ ಕುಮಾಸಿಯಿಂದಲೇ ತಯಾರಾಗಿ ಬಂದಿದ್ದಳು. ನೀರು ಕೊಡುವವಳ ಮುಂದೆ ಅದು ಕಷ್ಟ. ಒಳಗೆ ತಂಪಾಗಿತ್ತು. ಮೆಮುನಾ ಸೋರೆಬುರುಡೆಯ ಬಟ್ಟಲಲ್ಲಿ ನೀರು ಕೊಟ್ಟಳು. ಬೆನ್ನಿನ ಮಗು ಗೊರ್ ಗೊರ್ ಅಂತ ಉಸಿರಾಡುತ್ತಿತ್ತು.

"ನಿನ್ನ ಗಂಡ ಈ ಊರಿನೋರೇನಾ?"

"ಅಯ್ಯೋ, ಅಲ್ಲಕ್ಕ! ಹೋದ ವರ್ಷ ಒಂದು ರಾತ್ರಿ ನಡ್ಕೊಂಡು ಬಂದ್ರು. ಇಂಥ ಸೆಖೇಲಿ ಕಂದು ಸೂಟು, ಕೈಲೊಂದು ಪಾನಾ. ನೀರು ಕೇಳಿದ್ರು, ಕೊಟ್ಟೆ. ಆಮೇಲೆ ಹೋಗ್ಲೇ ಇಲ್ಲ." ಅವಳು ನಕ್ಕಳು. "ಭಾಳ ನಿಧಾನದ ಮನುಷ್ಯ. ಸಿಟ್ಟಿಲ್ಲ, ಸೆಡವಿಲ್ಲ. ರಾತ್ರಿ ಎದೆ ಮೇಲೆ ತಲೆ ಇಟ್ರೆ ಏನೂ ಕೇಳ್ಸೋದೇ ಇಲ್ಲ, ಅಷ್ಟು ನಿಧಾನ."

ಸೆರ್ವಾ ಅವಳ ಬೆನ್ನಿನ ಮೇಲಿದ್ದ ಮಗುವನ್ನು ನೋಡಿದಳು.

"ಮಗು ಯಾರ ಹಾಗಿದೆ?"

"ಅವರ ಹಾಗೇ. ಅಳೋದೇ ಇಲ್ಲ ನೋಡು."

ಸೆರ್ವಾ ಬಟ್ಟಲು ಇಟ್ಟು ಎದ್ದಳು. ಕಂಡ ತಕ್ಷಣ ಕರೀಬೇಕು. ಮಾತಿಗೆ ನಿಂತ್ಕೋಬಾರ್ದು. ಬಾಗಿಲು ದಾಟಿ ಅಂಗಳಕ್ಕೆ ಬಂದಳು.

ಬಂದು... ನಿಂತುಬಿಟ್ಟಳು.

ಬಾನೆಟ್ ತೆರೆದಿತ್ತು. ಬಲಗಡೆಯ ಚಕ್ರ ಕಳಚಿ ಪಕ್ಕಕ್ಕಿತ್ತು. ಕೆಳಗಿನ ದೊಡ್ಡ ಪುಲ್ಲಿ, ಪ್ಲಾಸ್ಟಿಕ್ ಕವರು, ಬೋಲ್ಟುಗಳು... ಎಲ್ಲ ಒಂದು ತಟ್ಟೆಯಲ್ಲಿ ಸಾಲಾಗಿದ್ದವು. ಅವಳು ಕುಡಿದದ್ದು ಒಂದು ಬಟ್ಟಲು ನೀರು. ಇಷ್ಟು ಬಿಚ್ಚುವುದು ಒಂದು ಗಂಟೆಯ ಕೆಲಸ. ಹೊರಗಿನಿಂದ ಒಂದೇ ಒಂದು ಸದ್ದು ಬಂದಿರಲಿಲ್ಲ.

ಹಳೇ ಬೆಲ್ಟ್ ಬೆಂಚಿನ ಮೇಲಿತ್ತು.

ಬೆಲ್ಟ್ ಕಳಚಿ ಆಗಿತ್ತು.

ಎಂಜಿನ್ ಮೇಲೆ ಬಗ್ಗಿದ್ದವನ ಬೆನ್ನು ಕಾಣುತ್ತಿತ್ತು. ಆ ಬೆನ್ನನ್ನು ಅವಳು ಎಷ್ಟು ಸಲ ಉಜ್ಜಿಲ್ಲ? ಎಡ ಭುಜ ಸ್ವಲ್ಪ ಇಳಿದಿದೆ, ಕತ್ತಿನ ಹಿಂದೆ ಸುಟ್ಟ ಕಲೆ. ಟಾಚಿ ಅನ್ನುವ ಹೆಸರು ಅವಳ ಗಂಟಲಿಗೆ ಬಂತು. ನಾಲಿಗೆಯ ತುದಿಗೂ ಬಂತು. ಅಲ್ಲೇ ನಿಂತಿತು. ಬೆಲ್ಟ್ ಕಳಚಿದ್ದಾಗ ಕರೆಯದೆ ಹನ್ನೊಂದು ವರ್ಷ ನುಂಗಿದ ಹೆಸರು ಅದು. ಅಮ್ಮ ಸತ್ತಾಗ ಹೊರಬರದ ಹೆಸರು ಈಗ ಹೇಗೆ ಬರಬೇಕು? ಬಾಯಿ ತೆರೆಯುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ.

ಆಗಲಿ, ಬಿಗಿ ಮಾಡಲಿ. ಆಮೇಲೆ ಕರೆಯುತ್ತೇನೆ ಅಂದುಕೊಂಡು ಬೆಂಚಿನ ಮೇಲೆ ಕೂತಳು.

ಕತೆ ಇಲ್ಲಿಗೆ ಬಂದಾಗಲೆಲ್ಲ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಕೂಗಬಾರದಿತ್ತೇ? ಕಾರು ಹಾಳಾಗಿ ಹೋಗಲಿ! ಆದರೆ ಫಿಟ್ಟರ್ ಹೆಂಡತಿಯರನ್ನು ಕೇಳಿ ನೋಡಿ. ಒಬ್ಬಳೂ ಕೂಗುತ್ತಿರಲಿಲ್ಲ.

ಅವನು ಕೆಲಸ ಮಾಡುತ್ತಿದ್ದ. ದೂರದಲ್ಲಿ ಜೋಳದ ಗಿರಣಿ ಟುಕು ಟುಕು ಅನ್ನುತ್ತಿತ್ತು. ಒಂದು ಮೇಕೆ ಪ್ಲಾಸ್ಟಿಕ್ ಅಗಿಯುತ್ತಿತ್ತು, ಅದೂ ಕೇಳುತ್ತಿತ್ತು. ಅವನ ಕೈಯಲ್ಲಿ ರ‍್ಯಾಚೆಟ್ ಹಿಂದೆ ಮುಂದೆ ತಿರುಗುತ್ತಿತ್ತು. ಕಟ ಕಟ ಅನ್ನಬೇಕಿತ್ತು... ಏನೂ ಇಲ್ಲ. ಪಾನಾ ಅವನ ಕೈಯಿಂದ ಜಾರಿ ಕಬ್ಬಿಣದ ಮೇಲೆ ಬಿತ್ತು. ಸದ್ದೇ ಇಲ್ಲ. ಮೆಮುನಾ ಬಂದು ಅದನ್ನೆತ್ತಿ ತಟ್ಟೆಗೆ ಹಾಕಿದಳು. ಠಣ್ ಅಂತು.

ಆಗ ಅವನು ತಲೆ ಎತ್ತದೆ ಕೈ ಹಿಂದಕ್ಕೆ ಚಾಚಿದ.

ಸೆರ್ವಾ ಬೆಂಚಿನಿಂದ ಅರ್ಧ ಎದ್ದಿದ್ದಳು. ಅವಳ ಕೈ ತಾನಾಗಿ, ಹಿಂದೆ ಶೀಶೆ ಸಿಕ್ಕಿಸಿಕೊಳ್ಳುತ್ತಿದ್ದ ಸೊಂಟದ ಗಂಟಿಗೆ ಹೋಗಿತ್ತು. ಅಷ್ಟರಲ್ಲಿ ಮೆಮುನಾ ಗುಲಾಬಿ ಬಣ್ಣದ ಶೀಶೆಯನ್ನು ಅವನ ಅಂಗೈಯಲ್ಲಿಟ್ಟಳು. ಮೆಮುನಾಳ ಉಗುರುಗಳಲ್ಲಿ ಮದರಂಗಿ ಬಿಟ್ಟರೆ ಬೇರೆ ಬಣ್ಣ ಇರಲಿಲ್ಲ.

"ನೀನು ಹಚ್ಕೊಳ್ಳಲ್ವಾ ಇದನ್ನ?" ಸೆರ್ವಾ ಕೇಳಿದಳು.

"ಇಲ್ಲಕ್ಕ, ಅವರಿಗಂತಲೇ ತಂದಿಟ್ಟಿದೀನಿ. ಅವರ ಹತ್ರ ಒಂದು ಕಪ್ಪುಗೆಂಪಿನ ಶೀಶೆ ಇತ್ತು, ಮುಗೀತು. ಅವತ್ತು ಇಡೀ ದಿನ ಅದನ್ನ ಅಲ್ಲಾಡಿಸ್ತಾ ಕೂತಿದ್ರು. ನೋಡಕ್ಕಾಗ್ದೆ ಸಂತೆಯಿಂದ ಇದನ್ನ ತಂದೆ. ಗಂಡಸ್ರಿಗೆ ಇಂಥ ಚಿಕ್ಕ ಚಿಕ್ಕ ಆಸೆ ಇರ್ತಾವೆ, ಅಲ್ವಾ?"

ಮಗು ಕೆಮ್ಮಿತು. ಮೆಮುನಾ ಅದಕ್ಕೆ ಗಂಜಿ ಕಾಯಿಸಲು ಒಳಗೆ ಹೋದಳು.

ಅವನು ಹೊಸ ಬೆಲ್ಟಿಗೆ ಗೆರೆ ಎಳೆದ. ಮೇಲೆ ಎರಡು, ಕೆಳಗೆ ಒಂದು. ಕೆಳಗಿನ ಪುಲ್ಲಿಗೆ ಹಲ್ಲು ಕೂರಿಸಿದ. ಪಂಪಿನ ಮೇಲೆ ಹಾಯಿಸಿದ. ಮೇಲಿನ ಪುಲ್ಲಿಯ ಅಂಚಿಗೆ ತಂದ. ಇನ್ನು ಒಂದು ಬೆರಳಿನಷ್ಟು ತಳ್ಳಬೇಕು, ಆಮೇಲೆ ಬೆಲ್ಟನ್ನು ಎಳೆದು ಹಿಡಿಯುವ ಟೆನ್ಷನರ್ ಬಿಗಿ ಮಾಡಬೇಕು. ಸೆರ್ವಾ ಉಸಿರು ಹಿಡಿದಳು. ಈಗ... ಇನ್ನೇನು...

"ಸೆರ್ವಾ."

ಅವನು ತಿರುಗಿರಲಿಲ್ಲ. ಆದರೆ ಪಿಸುಮಾತು ಅವಳ ಕಿವಿಯ ಪಕ್ಕದಲ್ಲೇ ಕೇಳಿತು.

ಅವಳು ಬೆಂಚಿನಿಂದ ಎದ್ದುಬಿಟ್ಟಳು. "ಹೇಗೆ ಗೊತ್ತಾಯ್ತು?"

"ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ತೀಯ. ಎಷ್ಟು ಹೇಳಿದ್ರೂ ಬಿಡ್ಲಿಲ್ಲ ನೀನು."

ಅವಳಿಗೆ ಅಳು ಬಂತು. ನಗುವೂ ಬಂತು. ಅದೇ ಬೈಗುಳ, ಅದೇ ದನಿ.

"ಒಂದು ವರ್ಷ ಕಪ್ಪು ಉಟ್ಟೆ ಕಣೋ."

"ಗೊತ್ತು."

"ಗೊತ್ತಿದ್ದೂ..."

"ಕಷ್ಟ ಕೊಟ್ಟೆ. ಸುಸ್ತಾಗಿದೆ ಸೆರ್ವಾ, ನಂಗೂ ಸಾಕಾಗಿದೆ. ಈಗ ಕರೀಬೇಡ. ಬೆಲ್ಟ್ ಕಳಚಿದೆ. ಬಿಗಿ ಮಾಡಿದ ಮೇಲೆ ಕರಿ. ಮೂರು ಸಲ ಕರಿ. ಬರ್ತೀನಿ."

"ಆಣೆ ಮಾಡು."

"ನಿನ್ನಾಣೆ."

ಸೆರ್ವಾ ಕೂತಳು. ಒಬೆಂಗ್‌ನ ಅಜ್ಜಿ, ಬಾಂಬೊಯಿ ಸೇತುವೆ, ಯಾವುದೂ ಅವಳ ತಲೆಯಲ್ಲಿ ಇರಲಿಲ್ಲ. ತನ್ನ ಗಂಡ ತನ್ನ ಹೆಸರು ಹೇಳಿದ್ದಾನೆ, ತನ್ನ ಜೊತೆ ಹೊರಡುತ್ತೇನೆ ಅಂದಿದ್ದಾನೆ. ಮೆಮುನಾಳ ಬಗ್ಗೆ ಸ್ವಲ್ಪ ಪಾಪ ಅನ್ನಿಸಿತು ಕೂಡ. ನೋಡಿ, ಎಂಥ ಹೆಂಗಸು.

ಅವನು ಟೆನ್ಷನರ್ ಬಿಗಿ ಮಾಡಿದ. ಹೆಬ್ಬೆರಳು ತೋರುಬೆರಳಿನಲ್ಲಿ ಬೆಲ್ಟನ್ನು ಹಿಡಿದು ತಿರುಚಿ ನೋಡಿದ. ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿದ. ಗೆರೆಗಳು ಬಂದು ಗುರುತಿಗೆ ಸರಿಯಾಗಿ ನಿಂತವು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಕವರು, ಪುಲ್ಲಿ, ಚಕ್ರ, ಎಲ್ಲ ಸ್ವಸ್ಥಾನಕ್ಕೆ ಹೋದವು. ಕೀ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಗುರ್ರ್ ಅನ್ನುವ ಒಂದೇ ಸಮನಾದ ದನಿ. ಬೆಳಗ್ಗೆಯ ಚಿರ್ ಚಿರ್ ಹೋಗಿತ್ತು. ಅಷ್ಟು ಚೆಂದದ ಕೆಲಸ ಮ್ಯಾಗಜೀನಿನಲ್ಲಿ ಈಗ ಯಾರಿಗೂ ಬರುವುದಿಲ್ಲ, ಅದನ್ನು ಒಪ್ಪಲೇಬೇಕು.

ಬಾನೆಟ್ ಮುಚ್ಚಿದ. ಹೊತ್ತು ಇಳಿದಿತ್ತು. ಮಸೀದಿಯಿಂದ ಸಂಜೆಯ ಕರೆ ಕೇಳಿತು.

ಸೆರ್ವಾ ಎದ್ದು ನಿಂತಳು. ಮುಖದ ಬಟ್ಟೆ ತೆಗೆದಳು.

"ಟಾಚೀ."

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒಂದೊಂದೇ ಬೆರಳು.

"ಟಾಚೀ..."

ತಟ್ಟೆಯಲ್ಲಿದ್ದ ಪಾನಾಗಳನ್ನು ಅಳತೆ ಪ್ರಕಾರ ಜೋಡಿಸತೊಡಗಿದ.

"ಟಾಚೀ!"

ಆಗ ತಿರುಗಿದ. ನೇರವಾಗಿ ಅವಳ ಮುಖ ನೋಡಿದ. ಆ ಕಣ್ಣುಗಳಲ್ಲಿ ಏನಿತ್ತು ಅಂತ ನಾವು ಆಮೇಲೆ ಎಷ್ಟೋ ಸಲ ಅವಳನ್ನು ಕೇಳಿದ್ದೇವೆ. ಏನೂ ಇರಲಿಲ್ಲ ಅನ್ನುತ್ತಾಳೆ. ಗಿರಾಕಿಯನ್ನು ನೋಡುವ ಹಾಗೆ ನೋಡಿದ ಅನ್ನುತ್ತಾಳೆ.

"ಯಾರನ್ನ ಕರೀತಿದೀರಮ್ಮ?"

ಅವನು ಕಾರಿನ ಹಿಂಬದಿಗೆ ಕೈ ತೋರಿಸಿದ.

"ಹಳೇ ಬೆಲ್ಟ್ ಡಿಕ್ಕೀಲಿ ಇಟ್ಟಿದೀನಿ. ಬದಲಾಯಿಸಿದ್ದಕ್ಕೆ ಸಾಕ್ಷಿ ಇರ್ಲಿ. ಕತ್ತಲಾಗೋದ್ರೊಳಗೆ ಸೇತುವೆ ದಾಟ್ಕೊಳ್ಳಿ."

ಆಗ ಅವಳಿಗೆ ಹೊಳೆಯಿತು. ಅವನು ಕ್ಲಚ್ಚಿನ ಸದ್ದು ಕೇಳಿದಾಗಲೇ ಅವಳನ್ನು ಗುರುತು ಹಿಡಿದಿದ್ದ. ಅದಕ್ಕೇ ಮನೆಯ ಹಿಂದಕ್ಕೆ ಸರಿದಿದ್ದ. ಅದಕ್ಕೇ ಅವಳು ನೀರು ಕುಡಿದು ಬರುವುದರೊಳಗೆ ಬೆಲ್ಟ್ ಕಳಚಿಟ್ಟಿದ್ದ. ಬೆಲ್ಟ್ ಕಳಚಿದ್ದರೆ ತನ್ನ ಹೆಂಡತಿ ಬಾಯಿ ತೆರೆಯುವುದಿಲ್ಲ ಅಂತ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿದ್ದದ್ದು. ಹನ್ನೊಂದು ವರ್ಷ ಅವಳು ಪ್ರೀತಿಯಿಂದ ಕಾಪಾಡಿಕೊಂಡು ಬಂದ ಕಟ್ಟಳೆಯನ್ನೇ ಹಿಡಿದು ಅವನು ಮೊದಲು ಅವಳ ಹೆಸರು ಹೇಳಿಬಿಟ್ಟ. ಆಣೆ ಬೇರೆ ಹಾಕಿದ. ನಿನ್ನಾಣೆ ಅಂತೆ!

ಅವನ ತುಟಿ ಒಮ್ಮೆ ಅಲುಗಿತು. ಏನೋ ಹೇಳುತ್ತಾನೆ ಅಂದುಕೊಂಡಳು. ಅಷ್ಟರಲ್ಲಿ ಮನೆಯೊಳಗಿನಿಂದ ಮೆಮುನಾ ಅವನನ್ನು ಬೇರೆಯೇ ಹೆಸರು ಹಿಡಿದು ಕೂಗಿದಳು.

"ಸುಲೇ! ಕೈಕಾಲಿಗೆ ನೀರಿಟ್ಟಿದೀನಿ, ಬನ್ನಿ!"

"ಬಂದೆ," ಅಂದ.

ಅಂದು, ತಿರುಗಿ ನೋಡದೆ ಒಳಗೆ ಹೋದ.

*

ಜಂಕ್ಷನ್‌ನಲ್ಲಿ ಒಬೆಂಗ್ ಓಡಿ ಬಂದು ಬಾಗಿಲು ತೆಗೆದ. ಅವಳ ಮುಖ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದ.

"ಕರೆದ್ರಾ?"

"ಕರೆದೆ."

"ಮತ್ತೆ?"

"ಅವಳು ಕರೆದ್ಲು. ಹೋದ."

ಬಾಂಬೊಯಿ ಸೇತುವೆ ದಾಟಿದ ಮೇಲೆ ಅವಳು ಜೋರಾಗಿ ಅತ್ತಳು. ಸತ್ತಾಗ ಅತ್ತದ್ದಕ್ಕಿಂತ ಜೋರಾಗಿ ಅಂತ ಒಬೆಂಗ್ ಹೇಳುತ್ತಾನೆ. ಅವತ್ತು ಸಾವಿಗೆ ಅತ್ತಿದ್ದಳು, ಇವತ್ತು ಮೋಸಕ್ಕೆ. ನಡುನಡುವೆ ಒಂದೇ ಮಾತು. "ನಾನು ಸುಮ್ನಿದ್ದೆ ಕಣೋ... ಅವನು ಹೇಳಿದ ಅಂತ ಸುಮ್ನಿದ್ದೆ..." ಒಬೆಂಗ್ ಕಾರು ಪಕ್ಕಕ್ಕೆ ಹಾಕಿ, ಅವನೂ ಅತ್ತ.

ಇದನ್ನು ಯಾರೂ ನಂಬುವುದಿಲ್ಲ ಅಂತ ಗೊತ್ತು. ನಂಬದಿದ್ದರೆ ಬಿಡಿ. ಆ ಹಸಿರು ಕಾರು ಈಗಲೂ ಮ್ಯಾಗಜೀನಿನಲ್ಲಿ ಓಡಾಡುತ್ತಿದೆ, ಒಬೆಂಗ್ ಕವರು ಬಿಚ್ಚಿ ತೋರಿಸುತ್ತಾನೆ. ನೇಲ್ ಪಾಲಿಶ್ ಯಾರು ಬೇಕಾದರೂ ಹಚ್ಚಬಹುದು ಅಂತ ನೀವು ವಾದ ಮಾಡಬಹುದು. ಮಾಡಿ. ಆದರೆ ಅದಾದ ಎಂಟನೇ ದಿನ ಸೆರ್ವಾ ಮಾಂಪೊಂಗ್ ದಾರಿಯ ಅವನ ಹುಟ್ಟೂರಿಗೆ, ಗೋರಿಯ ಹತ್ತಿರ ಹೋದಳು. ಉಗಿದು ಬರುತ್ತೇನೆ ಅಂತ ಹೋದದ್ದು. ಒಬ್ಬಳೇ ಹೋಗುವುದು ಬೇಡ ಅಂತ ಜೊತೆಗೆ ಹೋದವರು ಅವಳ ಪಕ್ಕದ ಮನೆಯವರು. ಅಂದರೆ ನಾವೇ.

ಸಿಮೆಂಟಿನ ಗೋರಿ ಹಾಗೇ ಇತ್ತು. ಒಂದು ಬಿರುಕಿಲ್ಲ. ಹಸಿ ಸಿಮೆಂಟಿನಲ್ಲಿ ಕೊರೆದಿದ್ದ ಹುಟ್ಟಿದ ದಿನ ಇತ್ತು. ಸತ್ತ ದಿನ ಇತ್ತು. ಕೆಳಗೆ, "ಹೆಂಡತಿ ಸೆರ್ವಾ ಕಟ್ಟಿಸಿದ್ದು" ಅಂತಲೂ ಇತ್ತು. ಮೇಲೆ ಅವನ ಹೆಸರು ಇದ್ದ ಜಾಗ ಮಾತ್ರ ಖಾಲಿ. ಕೆತ್ತಿ ತೆಗೆದ ಗುರುತಿಲ್ಲ, ತೇಪೆ ಇಲ್ಲ. ನಾನು ಬಗ್ಗಿ ಬೆರಳಾಡಿಸಿ ನೋಡಿದೆ. ನುಣ್ಣಗಿತ್ತು.